ದೊಡ್ಡಮ್ಮನ ಕೆರೆ

2017ರ ನವೆಂಬರ್‌ನ ಒಂದು ಗುರುವಾರ ಬೆಳಿಗ್ಗೆ ಟ್ರೌಟ್ ಮೀನಿನ ಲಾರಿ ಬಂದಾಗ ನಾನು ಕ್ಯಾಲಿಫೋರ್ನಿಯಾದ ಒಂದು ಕೆರೆಯ ದೋಣಿಕಟ್ಟೆಯ ತುದಿಯಲ್ಲಿ ಕುಳಿತಿದ್ದೆ. ಲಾರಿ ಇಳಿಜಾರಿನಲ್ಲಿ ಹಿಮ್ಮುಖವಾಗಿ ಬಂದು ನೀರಿಗೆ ಎರಡು ಮಾರು ದೂರದಲ್ಲಿ ನಿಂತಿತು. ಬೆನ್ನ ಮೇಲಿನ ತೊಟ್ಟಿಗಳಲ್ಲಿ ಆಮ್ಲಜನಕ ಗುಳುಗುಳು ಎನ್ನುತ್ತಿತ್ತು. ಚಾಲಕ ದಪ್ಪ ಕೊಳವೆ ಜೋಡಿಸಿ ತೊಟ್ಟಿಯ ಬಾಗಿಲೆತ್ತಿದ. ನೀರಿನ ಜೊತೆಗೆ ಮೀನುಗಳೂ ದಬದಬನೆ ಕೆರೆಗೆ ಬಿದ್ದವು. ಒಂದೊಂದೂ ಒಂದು ಗೇಣು ನಾಲ್ಕು ಬೆರಳು ಉದ್ದ, ಪಕ್ಕೆಯಲ್ಲಿ ನಸುಗೆಂಪು ಪಟ್ಟೆ, ಸಾಕಣೆಯ ಕಾಂಕ್ರೀಟ್ ಕಾಲುವೆಗಳಲ್ಲಿ ಉಜ್ಜಿ ಸವೆದ ಮೊಂಡು ರೆಕ್ಕೆಗಳು. ಬಿದ್ದವು ಎಲ್ಲಿಗೂ ಹೋಗಲಿಲ್ಲ. ಕಟ್ಟೆಯ ಸುತ್ತಲೇ ಗುಂಪುಗುಂಪಾಗಿ ಸುತ್ತತೊಡಗಿದವು. ನಾನು ಬಗ್ಗಿ ನೋಡಿದರೆ ನನ್ನ ನೆರಳಿನ ಕೆಳಗೇ ಬಂದು ಬಾಯಿ ತೆರೆದವು. ಶೃಂಗೇರಿಯಲ್ಲಿ ಮಂಡಕ್ಕಿಗಾಗಿ ತುಂಗೆಯ ಮೆಟ್ಟಿಲಿಗೆ ಮುತ್ತುವ ಮೀನುಗಳನ್ನು ನೋಡಿದವರಿಗೆ ಆ ನೋಟದ ಪರಿಚಯವಿರುತ್ತದೆ. ನೆರಳೆಂದರೆ ಊಟ ಎಂದು ನಂಬಿ ಬೆಳೆದ ಮೀನುಗಳು ಅವು.

ಲಾರಿ ಹೋಯಿತು. ಅರ್ಧ ಗಂಟೆ ಕಳೆದಿರಬಹುದು. ಕಟ್ಟೆಯ ಆಚೆ ಬದಿಯಲ್ಲಿ, ಯಾರೋ ಮೇಲಿನಿಂದ ಒರಳುಕಲ್ಲನ್ನು ನೀರಿಗೆ ಬಿಟ್ಟರೇನೋ ಎನ್ನುವಂಥ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಒಂದು ದೊಡ್ಡ ಸುಳಿ ಬಿಚ್ಚಿಕೊಳ್ಳುತ್ತಿತ್ತು, ಟ್ರೌಟ್‌ಗಳು ಚೆದುರಿದ್ದವು. ಸುಳಿಯ ನಡುವಿನಿಂದ ಹಸಿರುಗಪ್ಪು ಬೆನ್ನೊಂದು ಕಟ್ಟೆಯ ಕೆಳಗಿನ ಕತ್ತಲಿಗೆ ಜಾರಿತು. ಅವಸರವಿಲ್ಲದೆ, ಮನೆಯೊಡತಿ ನಡುಮನೆಯಿಂದ ಅಡುಗೆಮನೆಗೆ ಹೋಗುವಂತೆ. ಬಾಲದ ಮೇಲಿನ ತುದಿಯಲ್ಲಿ ಅರ್ಧಚಂದ್ರದಂತೆ ಒಂದು ಕಚ್ಚು ಇತ್ತು. ಆ ಕಚ್ಚಿನಿಂದಲೇ ಮುಂದಿನ ಮೂರೂವರೆ ವರ್ಷ ನಾನು ಅವಳನ್ನು ಗುರುತಿಸಿದೆ. ಮನಸ್ಸಿನಲ್ಲಿ ದೊಡ್ಡಮ್ಮ ಎಂದು ಕರೆಯತೊಡಗಿದ್ದೂ ಅಂದಿನಿಂದಲೇ.

ಅವಳು ಎಂದು ಹೇಳುವುದಕ್ಕೆ ಕಾರಣವಿದೆ. ಅವಳು ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಬೇಟೆಮೀನು. ಆ ಜಾತಿಯಲ್ಲಿ ದೊಡ್ಡದಾಗಿ ಬೆಳೆಯುವುದು ಹೆಣ್ಣು. ಗಂಡು ಎರಡು ಮೂರು ಕಿಲೋ ಮುಟ್ಟುವುದೇ ಅಪರೂಪ. ಐದು ಕಿಲೋ ದಾಟಿದ ಬಾಸ್ ಎಂದರೆ ಕಣ್ಣು ಮುಚ್ಚಿಕೊಂಡು ಹೆಣ್ಣು ಎನ್ನಬಹುದು.

ಕೆರೆ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣದ ತುದಿಯಲ್ಲಿ, ಸ್ಯಾನ್ ಡಿಯಾಗೊ ಕೌಂಟಿಯ ಒಣ ಗುಡ್ಡಗಳ ನಡುವೆ. ಹೆಸರನ್ನು ಬರೆಯುವುದಿಲ್ಲ. ಗಾಳ ಹಿಡಿಯುವವರು ಇದನ್ನು ತಪ್ಪೆಂದು ತಿಳಿಯಲಾರರು. ಇಲ್ಲಿನವರು ಅದನ್ನು ಲೇಕ್ ಎನ್ನುತ್ತಾರೆ. ಲೇಕ್ ಎಂದಾಗ ತಾನಾಗಿ ಆದದ್ದೋ ಮನುಷ್ಯ ಮಾಡಿದ್ದೋ ತಿಳಿಯುವುದಿಲ್ಲ. ನಮ್ಮ ಕೆರೆ ಎಂಬ ಮಾತಿನಲ್ಲಿ ಅದು ಸ್ಪಷ್ಟವಿದೆ: ಏರಿ ಕಟ್ಟಿ ನೀರು ನಿಲ್ಲಿಸಿದ ಜಾಗ. ಈ ಸೀಮೆಯ ಜಲಾಶಯಗಳ ನೀರಿನಲ್ಲಿ ಬಹುಪಾಲು ನೂರಾರು ಮೈಲಿ ದೂರದ ಕೊಲೊರಾಡೊ ನದಿಯಿಂದಲೂ ರಾಜ್ಯದ ಉತ್ತರ ಭಾಗದಿಂದಲೂ ಕಾಲುವೆಗಳಲ್ಲಿ ಬಂದದ್ದು. ಬಾಸ್ ಕೂಡ ಇಲ್ಲಿಯದಲ್ಲ. ಕ್ಯಾಲಿಫೋರ್ನಿಯಾಕ್ಕೆ ಅದನ್ನು ಮೊದಲು ತಂದು ಬಿಟ್ಟದ್ದು 19ನೇ ಶತಮಾನದ ಕೊನೆಗೆ. ದೊಡ್ಡದಾಗಿ ಬೆಳೆಯುವ ತಳಿ ಬಂದದ್ದು ಇನ್ನೂ ತಡವಾಗಿ, 1959ರಲ್ಲಿ. ಸ್ಯಾನ್ ಡಿಯಾಗೊ ನಗರದ ಕೆರೆಗಳನ್ನು ನೋಡಿಕೊಳ್ಳುತ್ತಿದ್ದ ಜೀವವಿಜ್ಞಾನಿ ಆರ್ವಿಲ್ ಬಾಲ್ ಫ್ಲಾರಿಡಾದಿಂದ ಮರಿಗಳನ್ನು ತರಿಸಿ ಅಪ್ಪರ್ ಒಟಾಯ್ ಎಂಬ ಜಲಾಶಯದಲ್ಲಿ ಬಿಟ್ಟರು. ಅಲ್ಲಿಂದ ಆ ತಳಿ ಸುತ್ತಲಿನ ಕೆರೆಗಳಿಗೆ ಹರಡಿತು. ಫ್ಲಾರಿಡಾದ ಬಾಸನ್ನು ಪ್ರತ್ಯೇಕ ಜಾತಿಯೆಂದೇ ಹೆಸರಿಸಬೇಕೆಂದು ವಿಜ್ಞಾನಿಗಳು 2022ರಲ್ಲಿ ತೋರಿಸಿಕೊಟ್ಟರು. ಗಾಳದವರು ಅದನ್ನು ಬಹಳ ಹಿಂದೆಯೇ ಕೈಯ ಭಾರದಲ್ಲಿ ಅರಿತಿದ್ದರು.

ತಳಿಯೊಂದೇ ಸಾಲದು. ಮೀನು ಬೆಳೆಯುವುದು ಊಟದಿಂದ. ಅದಕ್ಕೇ ಟ್ರೌಟ್ ಲಾರಿಯಿಂದ ಈ ಬರಹ ಶುರುಮಾಡಿದೆ.

ಬಾಸ್‌ನ ನಿತ್ಯದ ಆಹಾರ ಬ್ಲೂಗಿಲ್, ಸೀಗಡಿಯಂಥ ಕ್ರಾಫಿಶ್, ಸಣ್ಣಪುಟ್ಟ ಮೀನು. ಬ್ಲೂಗಿಲ್ ಅಗಲವಾದ ತಟ್ಟೆಯಂಥ ಮೀನು, ಬೆನ್ನಿನ ಮೇಲೆ ಗಟ್ಟಿ ಮುಳ್ಳುಗಳ ಸಾಲು. ನುಂಗುವುದು ಕಷ್ಟ, ಹಿಡಿಯುವುದು ಇನ್ನೂ ಕಷ್ಟ. ಹುಟ್ಟಿದಂದಿನಿಂದ ಬಾಸ್‌ಗೆ ಹೆದರಿಯೇ ಬದುಕಿದ ಮೀನು ಅದು. ಟ್ರೌಟ್ ಎಲ್ಲ ರೀತಿಯಲ್ಲೂ ಇದಕ್ಕೆ ತಿರುವುಮುರುವು. ಉದ್ದ, ತೆಳು, ಮುಳ್ಳಿಲ್ಲದ ನುಣುಪು ಮೈ, ಕೊಬ್ಬು ತುಂಬಿದ ಮಾಂಸ, ಸಾಕಣೆಯಲ್ಲಿ ಬೆಳೆದದ್ದರಿಂದ ಶತ್ರುವೆಂದರೆ ಏನೆಂದೇ ಅರಿಯದ ಬುದ್ಧಿ. ಒಂದೂವರೆ ಮೊಳದ ಬಾಸ್ ಬಾಯಿ ತೆರೆದರೆ ಗೇಣುದ್ದದ ಟ್ರೌಟ್ ತಲೆ ಮೊದಲಾಗಿ ಸಲೀಸಾಗಿ ಇಳಿಯುತ್ತದೆ. ಹತ್ತು ಬ್ಲೂಗಿಲ್‌ಗಳ ಬೆನ್ನು ಹತ್ತುವ ಶ್ರಮ ಒಂದೇ ತುತ್ತಿನಲ್ಲಿ ಉಳಿಯುತ್ತದೆ. ಆದರೆ ಎಲ್ಲ ಬಾಸ್‌ಗಳಿಗೂ ಈ ಹಬ್ಬದೂಟ ಸಿಗುವುದಿಲ್ಲ. ಕಿಲೋ ಒಂದೂವರೆ ಕಿಲೋ ತೂಗುವ ಬಾಸ್‌ಗೆ ಅಷ್ಟು ದೊಡ್ಡ ಟ್ರೌಟ್ ಬಾಯಿಗೆ ಮೀರಿದ್ದು. ಯಾವುದೋ ಒಂದು ಹೆಣ್ಣು, ಹೇಗೋ ಬದುಕಿ ಉಳಿದು ಒಂದು ಗಾತ್ರ ದಾಟಿದಾಗ, ಅದರ ಪಾಲಿಗೆ ಕೆರೆಯ ಬಾಗಿಲು ತೆರೆದಂತೆ. ಆಮೇಲೆ ಪ್ರತಿ ಚಳಿಗಾಲವೂ ಅವಳಿಗೆ ಸುಗ್ಗಿ.

ಸುಗ್ಗಿ ಚಳಿಗಾಲದಲ್ಲೇ ಏಕೆ ಎಂದರೆ, ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಉಸಿರು ಕಟ್ಟತೊಡಗುತ್ತದೆ. ಬೇಸಿಗೆಯಲ್ಲಿ ಈ ತಗ್ಗಿನ ಕೆರೆಗಳ ಮೇಲ್ಪದರ 25 ಡಿಗ್ರಿ ಮೀರುತ್ತದೆ. ಆಳದ ತಂಪು ನೀರಿನಲ್ಲಿ ಆಮ್ಲಜನಕ ತೀರಿಹೋಗಿರುತ್ತದೆ. ಹಾಗಾಗಿ ಟ್ರೌಟ್ ಇಲ್ಲಿ ನೆಲೆಯೂರುವುದಿಲ್ಲ. ನವೆಂಬರ್‌ನಿಂದ ವಸಂತದವರೆಗೆ ಲಾರಿಯಲ್ಲಿ ತಂದು ಬಿಡುವುದು, ಜನ ಹಿಡಿದುಕೊಂಡು ಹೋಗುವುದು, ಉಳಿದದ್ದು ಬಾಸ್‌ಗೆ, ಬಾತುಕೋಳಿ ಗಾತ್ರದ ನೀರುಕಾಗೆಗಳಿಗೆ. ಮಕ್ಕಳು ಮುದುಕರು ದಡದಲ್ಲಿ ಮಡಚುಕುರ್ಚಿ ಹಾಕಿ ಕೂರುವುದು ಈ ಟ್ರೌಟ್‌ಗಾಗಿ. ಅವರ ಪರವಾನಗಿ ಹಣದಿಂದ ಲಾರಿ ಬರುತ್ತದೆ. ದೊಡ್ಡ ಬಾಸ್ ಅನ್ನು ಯಾರೂ ಬೆಳೆಸಬೇಕೆಂದು ಹೊರಟವರಲ್ಲ. ಯಾರಿಗೋ ಬಡಿಸಿದ ಎಲೆಯಲ್ಲಿ ಅವಳು ಉಂಡು ಬೆಳೆದಳು.

ಕೆರೆ ಸಣ್ಣದಾಗಿದ್ದರೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಸಾವಿರಾರು ಎಕರೆಯ ಜಲಾಶಯದಲ್ಲಿ ಟ್ರೌಟ್ ಚೆದುರಿಹೋಗುತ್ತದೆ, ಬಾಸ್ ಅದನ್ನು ಹುಡುಕಬೇಕು, ನಾವು ಬಾಸನ್ನು ಹುಡುಕಬೇಕು. ನಾಲ್ಕು ಗಂಟೆಯಲ್ಲಿ ಸುತ್ತಿಬರಬಹುದಾದ ಕೆರೆಯಲ್ಲಿ ಎಲ್ಲವೂ ಎಲ್ಲರಿಗೂ ಹತ್ತಿರ. ಇಲ್ಲಿಂದ ದೂರವಿಲ್ಲದ ಎಸ್ಕಾಂಡಿಡೊ ಊರಿನ ಡಿಕ್ಸನ್ ಕೆರೆ ಹೆಚ್ಚೆಂದರೆ 70 ಎಕರೆ. ಆ 70 ಎಕರೆಯಲ್ಲಿ ಜಗತ್ತಿನ ಅತಿ ದೊಡ್ಡ ಬಾಸ್ ಬದುಕಿತ್ತು. ಅದನ್ನು ಒಂದೇ ಸಲವಲ್ಲ, ಮೂರು ಸಲ ಜೀವಂತ ಹಿಡಿದು ತೂಗಲಾಯಿತು.

ಆ ಮೀನಿನ ಕಿವಿರಿನ ಕೆಳಗೆ ಒಂದು ಕಪ್ಪು ಮಚ್ಚೆ ಇತ್ತು. ಹಾಗಾಗಿ ಜನ ಅದನ್ನು ಡಾಟಿ ಎಂದು ಕರೆದರು. 2001ರ ವಸಂತದಲ್ಲಿ ಮೊದಲ ಸಲ ಸಿಕ್ಕಾಗ 20 ಪೌಂಡ್ 12 ಔನ್ಸ್, ಅಂದರೆ ಸುಮಾರು 9.4 ಕಿಲೋ. 2003ರಲ್ಲಿ ಜೆಡ್ ಡಿಕರ್‌ಸನ್ ಹಿಡಿದಾಗ 21 ಪೌಂಡ್ 11 ಔನ್ಸ್. ಎರಡೂ ಸಲ ನೀರಿಗೆ ಬಿಟ್ಟರು. 2006ರ ಮಾರ್ಚ್ 20ರಂದು ಡಿಕರ್‌ಸನ್‌ರ ಗೆಳೆಯ ಮ್ಯಾಕ್ ವೀಕ್ಲಿ ಅದನ್ನು ಮೊಟ್ಟೆಯಿಡುವ ಜಾಗದಲ್ಲಿ ಕಂಡು ಜಿಗ್ ಎಂಬ ಬಿಳಿ ಕೃತಕ ಎರೆಯೊಂದನ್ನು ಇಳಿಬಿಟ್ಟರು. ಎಳೆದಾಗ ಕೊಕ್ಕೆ ಸಿಕ್ಕಿದ್ದು ಬಾಯಿಗಲ್ಲ, ಬೆನ್ನಿನ ಬದಿಗೆ. ಕೈತಕ್ಕಡಿ ತೋರಿಸಿದ್ದು 25 ಪೌಂಡ್ 1 ಔನ್ಸ್, ಹನ್ನೊಂದು ಕಿಲೋಗೂ ಮೀರಿ. ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ ಮೀನು ತಾನಾಗಿ ಬಾಯಲ್ಲಿ ಕಚ್ಚಿರಬೇಕು. ಹೊರಗೆ ಸಿಕ್ಕಿದ್ದನ್ನು ಬಿಟ್ಟುಬಿಡಬೇಕು. ವೀಕ್ಲಿ ಚಿತ್ರ ತೆಗೆಸಿಕೊಂಡು ಬಿಟ್ಟರು. ದಾಖಲೆಗೆ ಅರ್ಜಿ ಹಾಕಲಿಲ್ಲ. 2008ರ ಮೇ ತಿಂಗಳಲ್ಲಿ ಆ ಮೀನು ಸತ್ತು ತೇಲಿತು. ಮಚ್ಚೆ ನೋಡಿ ಗುರುತು ಹಿಡಿದರು. ಆಗ ತೂಕ 19 ಪೌಂಡ್.

ಆಗಿನ ವಿಶ್ವದಾಖಲೆ 22 ಪೌಂಡ್ 4 ಔನ್ಸ್. ಅದನ್ನು ಹಿಡಿದದ್ದು ಜಾರ್ಜ್ ಪೆರಿ ಎಂಬ ಬಡ ರೈತ ಯುವಕ, ಜಾರ್ಜಿಯಾ ರಾಜ್ಯದ ಮಾಂಟ್‌ಗೊಮರಿ ಸರೋವರದಲ್ಲಿ, 1932ರ ಜೂನ್ 2ರಂದು. ತೂಗಿದ ಮೇಲೆ ಮನೆಗೆ ಒಯ್ದು ಮನೆಮಂದಿಯೆಲ್ಲ ಉಂಡರು. ಹಸಿವಿನ ಕಾಲ ಅದು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಪೆರಿಯವರ ಮೇಲೆ ಗೌರವ ಹೆಚ್ಚುತ್ತದೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಬು ಕುರಿತಾ ಹಿಡಿದ ಮೀನು ಪೆರಿಯವರದಕ್ಕಿಂತ ಹೆಚ್ಚು ತೂಗಿತು, ಆದರೆ ಹೆಚ್ಚಿದ್ದು ಒಂದು ಔನ್ಸ್‌ಗಿಂತ ತುಸು ಕಡಿಮೆ. ಹಳೆಯದನ್ನು ಮೀರಲು ಕನಿಷ್ಠ ಎರಡು ಔನ್ಸ್ ಬೇಕೆಂಬ ನಿಯಮದಿಂದ ಇಬ್ಬರೂ ಸಮಾನರಾದರು. ಕುರಿತಾ ಬಳಸಿದ ಎರೆ ಜೀವಂತ ಬ್ಲೂಗಿಲ್. ಜಪಾನಿಗೆ ಬ್ಲೂಗಿಲ್ ಹೋದದ್ದು 1960ರಲ್ಲಿ, ಅಂದಿನ ಯುವರಾಜ ಅಕಿಹಿತೊ ಅವರಿಗೆ ಶಿಕಾಗೊ ನಗರದ ಮೇಯರ್ ಕೊಟ್ಟ ಉಡುಗೊರೆಯಾಗಿ. ಅದು ಅಲ್ಲಿನ ಮೂಲ ಮೀನುಗಳನ್ನು ಕಾಡಿದ್ದಕ್ಕೆ ಚಕ್ರವರ್ತಿಯಾದ ಮೇಲೆ 2007ರಲ್ಲಿ ಅವರು ಬಹಿರಂಗವಾಗಿ ನೋವು ತೋಡಿಕೊಂಡರು. ದೊಡ್ಡ ಬಾಸ್ ಇರುವ ಎಷ್ಟೋ ಕಡೆ, ಯಾರೋ ಎಲ್ಲಿಂದಲೋ ಏನನ್ನೋ ತಂದು ನೀರಿಗೆ ಬಿಟ್ಟ ಕಥೆ ಹಿಂದೆ ಇರುತ್ತದೆ.

ನನ್ನ ದೊಡ್ಡಮ್ಮ ಡಾಟಿಯ ಅರ್ಧದಷ್ಟೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಅದರಿಂದ ನನ್ನ ಹಂಬಲ ಕಡಿಮೆಯಾಗಲಿಲ್ಲ.

ಮೊದಲ ಚಳಿಗಾಲವನ್ನು ನಾನು ವ್ಯರ್ಥಮಾಡಿದೆ. ಎಲ್ಲರಂತೆ ಲಾರಿಯ ದಿನವೇ ರಜೆ ಹಾಕಿ ಹೋಗುತ್ತಿದ್ದೆ. ಇಂಥ ಮೀನಿಗೆ ಬಳಸುವುದು ಟ್ರೌಟ್‌ನ ಪ್ರತಿರೂಪದಂಥ ಕೃತಕ ಎರೆ. ಅಲನ್ ಕೋಲ್ ಎಂಬ ಕ್ಯಾಲಿಫೋರ್ನಿಯಾದವರು ಮರದಲ್ಲಿ ಕೆತ್ತಿದ ಉದ್ದನೆಯ ಎರೆಯಿಂದ ಈ ಪರಂಪರೆ ಹೆಸರಾಯಿತು. ಈಗ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ, ಬಾಲ ನಿಧಾನವಾಗಿ ಆಡುವಂತೆ ಅಚ್ಚು ಹೊಯ್ದ ಸ್ವಿಮ್‌ಬೇಟ್‌ಗಳು ಬಂದಿವೆ. ನನ್ನದು ಎಂಟು ಇಂಚಿನದು, ಕೈಗೆ ಭಾರವಾದದ್ದು. ಅದನ್ನು ದಿನವಿಡೀ ಬೀಸಿದರೆ ಸಂಜೆ ಭುಜ ಎತ್ತಲಾಗುವುದಿಲ್ಲ. ಲಾರಿಯ ದಿನ ಕಟ್ಟೆಯ ಸುತ್ತ ಸಾವಿರ ನಿಜವಾದ ಟ್ರೌಟ್‌ಗಳು ಸುತ್ತುತ್ತಿರುವಾಗ ನನ್ನ ಒಂದು ಪ್ಲಾಸ್ಟಿಕ್ ಟ್ರೌಟನ್ನು ಅವಳು ಏಕೆ ಆರಿಸಬೇಕು? ಈ ಸರಳ ಪ್ರಶ್ನೆ ನನಗೆ ಹೊಳೆಯಲು ಐದು ತಿಂಗಳು ಬೇಕಾಯಿತು.

ಎರಡನೆಯ ಚಳಿಗಾಲದಲ್ಲಿ ಗಾಳಕ್ಕಿಂತ ಕಣ್ಣನ್ನು ಹೆಚ್ಚು ಬಳಸಿದೆ. ಒಂದು ನೋಟ್‌ಬುಕ್ ಇಟ್ಟೆ. ಲಾರಿ ಬಂದ ದಿನ, ಗಾಳಿ ಬೀಸಿದ ದಿಕ್ಕು, ನೀರಿನ ತಾಪ, ಟ್ರೌಟ್ ಎಲ್ಲಿ ಮೇಲೇಳುತ್ತಿವೆ, ಎಲ್ಲಿ ಸುಳಿ ಕಂಡಿತು. ಬಿಟ್ಟ ಮೊದಲ ದಿನ ಟ್ರೌಟ್ ಕಟ್ಟೆಯ ಬಳಿ. ಎರಡನೆಯ ದಿನ ಗಾಳಿ ತಳ್ಳಿದ ದಡಕ್ಕೆ. ಮೂರು ನಾಲ್ಕು ದಿನಕ್ಕೆ ಗುಂಪು ಒಡೆದು, ಬಿಡಿಬಿಡಿಯಾಗಿ ಏರಿಯ ಆಳದ ಕಡೆಗೆ ಹೊರಡುತ್ತವೆ, ಯಾವಾಗಲೂ ದಡಕ್ಕೆ ಸಮಾನಾಂತರವಾಗಿ. ಏರಿಯ ಎಡ ಮೂಲೆಯಲ್ಲಿ ಕಲ್ಲುರಾಶಿಯೊಂದು ಮೂಗಿನಂತೆ ನೀರಿಗೆ ಚಾಚಿದೆ. ದಡ ಹಿಡಿದು ಬರುವ ಟ್ರೌಟ್ ಅಲ್ಲಿ ತಿರುಗಲೇಬೇಕು. ತಿರುಗುವಾಗ ಒಂದು ಕ್ಷಣ ಆಳದ ನೀರಿನ ಮೇಲೆ ಒಂಟಿಯಾಗುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದ ಹನ್ನೊಂದು ಸುಳಿಗಳಲ್ಲಿ ಏಳು ಆ ಕಲ್ಲಿನ ಮೂಗಿನ ಹತ್ತು ಮಾರಿನೊಳಗೆ ಇದ್ದವು. ಎಲ್ಲವೂ ಅವಳವೇ ಎಂದು ಹೇಳಲಾರೆ. ಎರಡು ಸಲ ಮಾತ್ರ ಬಾಲದ ಕಚ್ಚು ಕಂಡಿತು.

ಒಮ್ಮೆ ದಡದಲ್ಲಿದ್ದ ಅಜ್ಜನೊಬ್ಬನ ಗಾಳಕ್ಕೆ ಟ್ರೌಟ್ ಸಿಕ್ಕಿ ಅವನು ಎಳೆಯುತ್ತಿದ್ದಾಗ, ಆಳದಿಂದ ಎದ್ದ ಯಾವುದೋ ಅದನ್ನು ಬಾಯಿಗೆ ಹಾಕಿಕೊಂಡು ಒಂದು ನಿಮಿಷ ಎಳೆದಾಡಿತು. ಅಜ್ಜನ ಸಪೂರ ಕೋಲು ಬಿಲ್ಲಾಯಿತು, ಆಮೇಲೆ ಸಡಿಲಾಯಿತು. ಟ್ರೌಟ್ ಮೇಲೆ ಬಂದಾಗ ಅದರ ಮೈತುಂಬ ಮರಳುಕಾಗದದಲ್ಲಿ ತಿಕ್ಕಿದಂಥ ಗೀರುಗಳು. ಬಾಸ್‌ಗೆ ಚೂಪು ಹಲ್ಲಿಲ್ಲ, ಒರಟಾದ ದವಡೆ ಮಾತ್ರ. ಅಜ್ಜ ಆ ಮೀನನ್ನು ಎತ್ತಿ ಹಿಡಿದು ನನಗೆ ತೋರಿಸಿದ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಮಾತಿನ ವಿಷಯ ಬಂತೆಂದು ಹೇಳುತ್ತೇನೆ: ಸಣ್ಣ ಕೆರೆಯಲ್ಲಿ ಸದ್ದೇ ದೊಡ್ಡ ಶತ್ರು. ಬಾಡಿಗೆ ದೋಣಿ ಅಲ್ಯೂಮಿನಿಯಂನದು. ಒಂದು ಡಬ್ಬಿ ಕೆಳಗೆ ಬಿದ್ದರೆ ನೀರಿನೊಳಗೆ ನಗಾರಿ ಬಾರಿಸಿದ ಹಾಗೆ. ಮೀನಿನ ಪಕ್ಕೆಯ ಉದ್ದಕ್ಕೂ ಇರುವ ಸೂಕ್ಷ್ಮ ರೇಖೆ ನೀರಿನ ಅಲುಗಾಟವನ್ನು ಚರ್ಮದಿಂದಲೇ ಕೇಳುತ್ತದೆ. ನಾನು ದೋಣಿಯ ತಳಕ್ಕೆ ಹಳೆಯ ಜಮಖಾನ ಹಾಸಿದೆ. ಕಲ್ಲಿನ ಮೂಗಿಗೆ ನಲವತ್ತು ಮಾರು ದೂರದಲ್ಲೇ ಮೋಟಾರು ನಿಲ್ಲಿಸಿ, ಲಂಗರನ್ನು ಕೈಯಿಂದ ಇಂಚಿಂಚಾಗಿ ಇಳಿಸಿ, ಇಳಿಸಿದ ಮೇಲೆ ಇಪ್ಪತ್ತು ನಿಮಿಷ ಏನೂ ಮಾಡದೆ ಕೂರುವುದನ್ನು ಕಲಿತೆ. ಆ ಇಪ್ಪತ್ತು ನಿಮಿಷ ಕಲಿಯುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಮೂರನೆಯ ಚಳಿಗಾಲ, 2020ರ ಫೆಬ್ರವರಿ. ಲಾರಿ ಬಂದು ನಾಲ್ಕನೆಯ ದಿನ. ಹಿಂದಿನ ರಾತ್ರಿಯಿಂದ ಜಿನುಗು ಮಳೆ. ನೀರು 13 ಡಿಗ್ರಿ. ಕೆರೆಯ ಮೇಲೆ ನನ್ನದೊಂದೇ ದೋಣಿ. ಎರೆಯನ್ನು ಕಲ್ಲಿನ ಮೂಗಿನ ಆಚೆಗೆ ಎಸೆದು, ತಳ ಮುಟ್ಟುವವರೆಗೆ ಕಾದು, ರೀಲಿನ ಹಿಡಿಯನ್ನು ಮೂರು ನಾಲ್ಕು ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸತೊಡಗಿದೆ. ಬೇಸರ ಬರುವಷ್ಟು ನಿಧಾನ ಎಂದುಕೊಳ್ಳುತ್ತೇವಲ್ಲ, ಅದಕ್ಕಿಂತಲೂ ನಿಧಾನ. ಹದಿನಾರನೆಯದೋ ಹದಿನೇಳನೆಯದೋ ಎಸೆತ. ಜೋರಾದ ಹೊಡೆತ ಬರುತ್ತದೆಂದು ಕೇಳಿದ್ದೆ. ಹಾಗಾಗಲಿಲ್ಲ. ದಾರದಲ್ಲಿದ್ದ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅವಳು ಹಿಂದಿನಿಂದ ಬಂದು ಎರೆಯನ್ನು ಬಾಯೊಳಗೆ ಹೀರಿಕೊಂಡು ನನ್ನ ಕಡೆಗೇ ಈಜುತ್ತಿದ್ದಳು. ದಾರ ಸಡಿಲಾದದ್ದನ್ನು ಸುತ್ತಿ ಸುತ್ತಿ ಬಿಗಿಮಾಡಿ ಕೋಲನ್ನು ಪಕ್ಕಕ್ಕೆ ಎಳೆದಾಗ, ಆ ತುದಿಯಲ್ಲಿ ಕೆರೆಯ ತಳವೇ ಒಮ್ಮೆ ಮಗ್ಗುಲು ಬದಲಿಸಿದಂತಾಯಿತು.

ಜಗ್ಗಾಟ ಎರಡು ನಿಮಿಷವೂ ಇರಲಿಲ್ಲ. ಅವಳು ಒಮ್ಮೆ ಮೇಲೆದ್ದು ತಲೆ ಕೊಡವಿದಳು. ನೀರಿನಿಂದ ಪೂರ್ತಿ ಹಾರಲು ಆ ಮೈಭಾರ ಬಿಡಲಿಲ್ಲ. ತೆರೆದ ಬಾಯಿ ಸೇರು ಪಾತ್ರೆಯಷ್ಟಿತ್ತು. ಬಲೆಯಲ್ಲಿ ಬಂದಾಗ ಮೊದಲು ನೋಡಿದ್ದು ಬಾಲವನ್ನು. ಕಚ್ಚು ಇತ್ತು. ನನ್ನ ಕೈ ನಡುಗುತ್ತಿದ್ದುದರಿಂದ ಬಲೆಯನ್ನು ನೀರಿನಲ್ಲೇ ಬಿಟ್ಟು, ಅದರ ಹಿಡಿಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕುಳಿತೆ.

ದೊಡ್ಡ ಬಾಸನ್ನು ದವಡೆ ಹಿಡಿದು ನೇತಾಡಿಸಬಾರದು. ಅಷ್ಟು ಭಾರಕ್ಕೆ ದವಡೆಯ ಕೀಲು ಹಾಳಾಗುತ್ತದೆ, ಆಮೇಲೆ ಅದು ಬೇಟೆಯಾಡಲಾರದು. ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಬಾರದು. ಮೈಮೇಲಿನ ಲೋಳೆಯೇ ಅದರ ಕವಚ. ಒದ್ದೆ ಮಾಡಿದ ಚೀಲದಲ್ಲಿ ಅಡ್ಡವಾಗಿ ಮಲಗಿಸಿ ತೂಗಿದೆ. ಚೀಲದ ತೂಕ ಕಳೆದು 13 ಪೌಂಡ್ 10 ಔನ್ಸ್, 6.18 ಕಿಲೋ. ಉದ್ದ ಒಂದೂವರೆ ಮೊಳ. ಹೊಟ್ಟೆಯೊಳಗೆ ಮೊಟ್ಟೆ ತುಂಬುತ್ತಿತ್ತು. ಗಂಟಲಿನಾಳದಲ್ಲಿ ಟ್ರೌಟ್ ಒಂದರ ಬಾಲ ಇನ್ನೂ ಇಣುಕುತ್ತಿತ್ತು; ಒಂದನ್ನು ನುಂಗಿ ಮುಗಿಸುವ ಮೊದಲೇ ಇನ್ನೊಂದಕ್ಕೆ ಬಾಯಿ ಹಾಕಿದ್ದಳು. ಆಗ ನನಗೆ ಆದದ್ದನ್ನು ಗೆಲುವು ಎನ್ನಲಾರೆ. ವರ್ಷಗಟ್ಟಲೆ ಪತ್ರದಲ್ಲಷ್ಟೇ ಪರಿಚಯವಿದ್ದವರು ಎದುರಿಗೆ ಬಂದು ನಿಂತಾಗ ಆಗುವ ಸಂಕೋಚ ಅದು. ಚಿತ್ರ ಒಂದೇ ತೆಗೆದೆ, ಅದೂ ಅವಳೊಬ್ಬಳದೇ. ನೀರಿನಲ್ಲಿ ಹಿಡಿದುಕೊಂಡೆ. ಕಿವಿರು ಎರಡು ಮೂರು ಸಲ ತೆರೆದು ಮುಚ್ಚಿತು. ನನ್ನ ಹೆಬ್ಬೆರಳನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಹೊರಟುಹೋದಳು.

ಆ ವರ್ಷದ ಬೇಸಿಗೆಯಲ್ಲಿ ಇನ್ನೊಂದು ಸುದ್ದಿ ಬಂತು. ದಕ್ಷಿಣ ಮತ್ತು ಪೂರ್ವ ಕ್ಯಾಲಿಫೋರ್ನಿಯಾಕ್ಕೆ ಟ್ರೌಟ್ ಒದಗಿಸುವ ಮೂರು ಸರ್ಕಾರಿ ಸಾಕಣೆ ಕೇಂದ್ರಗಳಿಗೆ ಲ್ಯಾಕ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಹೊಕ್ಕಿತ್ತು. ಗುಣಪಡಿಸುವ ದಾರಿ ಕಾಣದೆ 32 ಲಕ್ಷ ಮೀನುಗಳನ್ನು ಕೊಲ್ಲಬೇಕಾಯಿತು. ಖಾಸಗಿ ಸಾಕಣೆಯಿಂದ ಮೀನು ಕೊಳ್ಳುವ ಕೆರೆಗಳು ಹೇಗೋ ನಡೆಸಿಕೊಂಡವು. ನನ್ನ ಕೆರೆಗೆ ಆ ಚಳಿಗಾಲ ಲಾರಿ ಬಂದದ್ದು ಎರಡೇ ಸಲ, ಅದೂ ಅರ್ಧ ತುಂಬಿದ ತೊಟ್ಟಿಯೊಂದಿಗೆ. ಮಡಚುಕುರ್ಚಿಗಳು ಕಡಿಮೆಯಾದವು. ಕಲ್ಲಿನ ಮೂಗಿನ ಬಳಿ ಜನವರಿ ಪೂರ್ತಿ ಕುಳಿತರೂ ಒಂದೇ ಒಂದು ಸುಳಿ ಕಾಣಲಿಲ್ಲ. ನಾನು ಎರೆ ಎಸೆಯುವುದನ್ನೇ ಬಿಟ್ಟೆ. ಹಸಿದವಳ ಮುಂದೆ ಪ್ಲಾಸ್ಟಿಕ್ ಆಡಿಸುವುದು ನನಗೆ ಒಗ್ಗಲಿಲ್ಲ. ನಾವು ಊಟದ ರೂಢಿ ಮಾಡಿಸಿ, ಆ ಊಟದ ಅಳತೆಗೆ ಮೈ ಬೆಳೆಸಿ, ಆಮೇಲೆ ಎಲೆ ಹಾಕದೆ ಹೋದೆವು. ತಪ್ಪು ಯಾರದೂ ಅಲ್ಲ, ರೋಗ ಬಂತು. ಆದರೂ ಆ ತಿಂಗಳುಗಳಲ್ಲಿ ಕೆರೆಗೆ ಹೋದಾಗಲೆಲ್ಲ, ಬಾಕಿ ಉಳಿಸಿಕೊಂಡವರ ಮನೆಯ ಮುಂದೆ ಹಾದುಹೋಗುವವನ ಹಾಗೆ ನಡೆಯುತ್ತಿದ್ದೆ.

ಮಾರ್ಚ್‌ನಲ್ಲಿ ನೀರು 16 ಡಿಗ್ರಿಗೆ ಏರಿತು. ಬಾಸ್ ಮೊಟ್ಟೆಯಿಡುವ ಹೊತ್ತು. ಗಂಡು ಮೊಣಕಾಲಿನಿಂದ ಎದೆಯವರೆಗಿನ ಆಳದಲ್ಲಿ ಬಾಲದಿಂದ ಕೆಸರು ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಒಂದೆರಡು ದಿನದಲ್ಲಿ ಆಳಕ್ಕೆ ಮರಳುತ್ತಾಳೆ. ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವುದು ಗಂಡೇ. ವರ್ಷದಲ್ಲಿ ದೊಡ್ಡ ಹೆಣ್ಣು ಬರಿಗಣ್ಣಿಗೆ ಕಾಣುವುದು ಈ ಕೆಲವೇ ದಿನ. ಗೂಡಿನ ಮೇಲಿನ ಮೀನನ್ನು ಹಿಡಿಯಬಹುದೇ ಎಂಬುದು ಗಾಳದವರ ನಡುವೆ ಮುಗಿಯದ ಜಗಳ. ನನ್ನ ಆತ್ಮೀಯ ಗೆಳೆಯನೊಬ್ಬ ಹಿಡಿಯುತ್ತಾನೆ. ಅವನ ವಾದದಲ್ಲಿ ಹುರುಳಿದೆ: ಕಾನೂನು ಅಡ್ಡಿಯಿಲ್ಲ, ಗೂಡು ಕಾಯುವ ಗಂಡನ್ನು ಮುಟ್ಟದೆ ಹೆಣ್ಣನ್ನು ಹಿಡಿದು ಕೂಡಲೇ ಬಿಟ್ಟರೆ ಆಗುವ ನಷ್ಟ ಕಡಿಮೆ, ಒಂದೇ ಮೀನನ್ನು ಎದುರಿಗೆ ಕಂಡು ಗಂಟೆಗಟ್ಟಲೆ ಕಾಯುವುದೂ ಒಂದು ವಿದ್ಯೆ. ನನಗೆ ಒಪ್ಪಿಗೆಯಾಗದ್ದು ಒಂದೇ ಸಂಗತಿ. ಕಲ್ಲಿನ ಮೂಗಿನ ಬಳಿ ಅವಳು ಬಾಯಿ ಹಾಕುವುದು ಹಸಿವಿನಿಂದ, ಬೇಟೆಯಲ್ಲಿ. ಅಲ್ಲಿ ಅವಳನ್ನು ಮೋಸಗೊಳಿಸಲು ನಾನು ಮೂರು ಚಳಿಗಾಲ ಕಲಿಯಬೇಕಾಯಿತು. ಗೂಡಿನಲ್ಲಿ ಬಾಯಿ ಹಾಕುವುದು, ಬೇಡದ್ದನ್ನು ಹೊಸಿಲಿನಿಂದಾಚೆ ತಳ್ಳಲು. ಎರಡೂ ಒಂದೇ ಕೊಕ್ಕೆಯಲ್ಲಿ ಮುಗಿಯುತ್ತವೆ ನಿಜ. ನನ್ನ ಕೈ ಮಾತ್ರ ಎರಡನೆಯದಕ್ಕೆ ಏಳುವುದಿಲ್ಲ.

ಆ ತಿಂಗಳ ಕೊನೆಯ ಭಾನುವಾರ ಜೊಂಡಿನ ಅಂಚಿನಲ್ಲಿ ಅವಳನ್ನು ಕಂಡೆ. ಮೊದಲು ಗುರುತೇ ಸಿಗಲಿಲ್ಲ. ತಲೆ ಹಾಗೇ ದೊಡ್ಡದಾಗಿತ್ತು, ಅದರ ಹಿಂದಿನ ಮೈ ಇಳಿದುಹೋಗಿತ್ತು. ಇನ್ನೊಬ್ಬರ ಬಟ್ಟೆ ತೊಟ್ಟವರ ಹಾಗೆ ಕಾಣುತ್ತಿದ್ದಳು. ಎರಡು ಕಿಲೋ ಆದರೂ ಕಳೆದುಕೊಂಡಿರಬೇಕು. ಅವಳು ತಿರುಗಿದಾಗ ಬಾಲದ ಕಚ್ಚು ಕಂಡಿತು. ಅವಳ ಕಾಲುಭಾಗವೂ ಇಲ್ಲದ ಗಂಡೊಂದು ಅವಳ ಪಕ್ಕೆಯನ್ನು ಮೂತಿಯಿಂದ ಮೆಲ್ಲಗೆ ಒತ್ತುತ್ತಾ ಗೂಡಿನ ಕಡೆಗೆ ಕರೆಯುತ್ತಿತ್ತು. ಅವಳು ಬರುವುದು, ಒಂದು ಸುತ್ತು ಹಾಕುವುದು, ಮತ್ತೆ ಜೊಂಡಿನ ನೆರಳಿಗೆ ಹೋಗುವುದು. ನಾನು ಇಪ್ಪತ್ತು ಮಾರು ದೂರದಲ್ಲಿ ಲಂಗರು ಇಳಿಸಿ, ಕೋಲನ್ನು ಜಮಖಾನದ ಮೇಲೆ ಮಲಗಿಸಿದೆ.

ಸ್ವಲ್ಪ ಹೊತ್ತಿಗೆ ಇನ್ನೊಂದು ಬಾಡಿಗೆ ದೋಣಿ ಬಂತು. ತಂದೆ, ಎಂಟೊಂಬತ್ತು ವರ್ಷದ ಮಗ. ತಂದೆಯ ಬಳಿ ಬಾಸ್‌ಗೆ ಬಳಸುವ ದಪ್ಪ ಕೋಲುಗಳಿದ್ದವು. ನನ್ನ ದೋಣಿ ನಿಂತ ರೀತಿ ನೋಡಿಯೇ ಅವನಿಗೆ ಏನೋ ಅನುಮಾನ ಬಂದಿರಬೇಕು. ಮೋಟಾರು ತಗ್ಗಿಸಿ, ಈ ಕಡೆ ಏನಾದರೂ ಕಾಣುತ್ತಿದೆಯೇ ಎಂದು ಕೇಳಿದ.

ಹುಡುಗ ನನ್ನನ್ನೇ ನೋಡುತ್ತಿದ್ದ.

ಆ ಬದಿಯ ಮರದ ಕೆಳಗೆ ಬ್ಲೂಗಿಲ್‌ಗಳು ಮುತ್ತಿವೆ, ಹುಳು ಹಾಕಿದರೆ ಎಸೆತಕ್ಕೊಂದು ಬರುತ್ತದೆ, ಹುಡುಗನಿಗೆ ಖುಷಿಯಾಗುತ್ತದೆ ಎಂದೆ. ಅದು ನಿಜವೇ ಆಗಿತ್ತು. ಬೆಳಿಗ್ಗೆ ಬರುವಾಗ ನೋಡಿದ್ದೆ. ತಂದೆ ಒಮ್ಮೆ ಜೊಂಡಿನ ಕಡೆ ಕಣ್ಣು ಹಾಯಿಸಿ, ಕೈ ಎತ್ತಿ ವಂದಿಸಿ, ದೋಣಿಯನ್ನು ಆ ಬದಿಗೆ ತಿರುಗಿಸಿದ. ಅವರ ಅಲೆ ಬಂದು ನನ್ನ ದೋಣಿಯನ್ನು ತೂಗಿ, ಜೊಂಡನ್ನು ಅಲುಗಿಸಿ ಸುಮ್ಮನಾಯಿತು. ಗಂಡು ಗೂಡಿನ ಮೇಲೆ ಹಾಗೇ ನಿಂತಿತ್ತು. ಅವಳು ಇರಲಿಲ್ಲ.

ಹತ್ತು ನಿಮಿಷ ಕಾದೆ. ಮರದ ಕೆಳಗಿನಿಂದ ಹುಡುಗನ ಕೇಕೆ ಕೇಳಿಸಿತು, ಮೊದಲನೆಯದು ಸಿಕ್ಕಿರಬೇಕು. ಅಷ್ಟರಲ್ಲಿ ಜೊಂಡಿನ ಬುಡದ ಕತ್ತಲು ಮೆಲ್ಲಗೆ ಎರಡಾಗಿ, ಅದರಲ್ಲೊಂದು ಗೂಡಿನ ಕಡೆಗೆ ಬಂತು.